ಎಂ.ಆರ್.ಐ. ವರದಿಯಲ್ಲಿ ‘ಅಲ್ಝೈಮರ್ ಸಂಭವ ಶೇ. 78’ ಎಂದಿದೆ: ಯಂತ್ರದ ಈ ಮಾತನ್ನು ಎಷ್ಟು ನಂಬಬಹುದು?

ಪ್ರಶ್ನೆ: ಕಾಪು ನಿವಾಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನಿಗೆ ಈಗ 71 ವರ್ಷ. ಕಳೆದ ಮಳೆಗಾಲದಿಂದೀಚೆಗೆ ಅವರ ನೆನಪಿನಲ್ಲಿ ವ್ಯತ್ಯಾಸ ಕಾಣತೊಡಗಿದೆ. ಬೆಳಗ್ಗೆ ಮೀನಿನವರಿಂದ ಬಂಗುಡೆ ತೆಗೆದುಕೊಂಡು ಹಣ ಕೊಟ್ಟದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಒಮ್ಮೆ ಉಡುಪಿಯಿಂದ ಬರುವಾಗ ಕಾಪುವಿನಲ್ಲಿ ಇಳಿಯದೆ ಪಡುಬಿದ್ರಿಯವರೆಗೂ ಹೋಗಿದ್ದರು. ಕಂಡಕ್ಟರ್ ಪರಿಚಯದವರಾಗಿದ್ದರಿಂದ ನಮಗೆ ಫೋನ್ ಬಂತು. ಮದುವೆಗೆ ಮೊದಲಿನಿಂದಲೂ ಬೀಡಿ ಕಟ್ಟಿದ ಕೈ ಅವರದು. ಇಂದಿಗೂ ತಡ್ಪೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತರೆ ಎಲೆ ಕತ್ತರಿಸುವುದರಲ್ಲಾಗಲಿ, ಹೊಗೆಸೊಪ್ಪಿನ ಹುಡಿ ಹಾಕಿ ಸುತ್ತಿ ನೂಲು ಬಿಗಿಯುವುದರಲ್ಲಾಗಲಿ ಸ್ವಲ್ಪವೂ ತಡವರಿಸುವುದಿಲ್ಲ. ಆದರೆ ಕಟ್ಟುಗಳ ಲೆಕ್ಕ ತಪ್ಪುತ್ತದೆ, ಬೀಡಿ ಕಂಪನಿಯ ಬ್ರಾಂಚಿಗೆ ಒಪ್ಪಿಸಿ ಬಂದ ಬೀಡಿಯನ್ನು ಮನೆಯಲ್ಲೆಲ್ಲ ಹುಡುಕುತ್ತಾರೆ. ಏನಾಯಿತೆಂದು ಕೇಳಿದರೆ ‘ಎಂಕ್ ದಾಲ ಆತ್‌ಜಿ’ (ನನಗೇನೂ ಆಗಿಲ್ಲ) ಎಂದು ತುಳುವಿನಲ್ಲಿ ಮಾತು ಮುಗಿಸಿಬಿಡುತ್ತಾರೆ.

ನಮ್ಮ ಡಾಕ್ಟರು ಬರೆದುಕೊಟ್ಟಂತೆ ಮಂಗಳೂರಿನ ಒಂದು ಸ್ಕ್ಯಾನಿಂಗ್ ಕೇಂದ್ರದಲ್ಲಿ ಮೆದುಳಿನ ಎಂ.ಆರ್.ಐ. ಮಾಡಿಸಿದೆವು. ರೇಡಿಯಾಲಜಿಸ್ಟರ ವರದಿಯಲ್ಲಿ ‘ವಯಸ್ಸಿಗೆ ಅನುಗುಣವಾದ ಕುಗ್ಗುವಿಕೆ, ಮೀಡಿಯಲ್ ಟೆಂಪೊರಲ್ ಅಟ್ರೊಫಿ ಶ್ರೇಣಿ 2’ ಎಂದಿದೆ. ಅದರ ಜೊತೆ ಕೃತಕ ಬುದ್ಧಿಮತ್ತೆಯ ತಂತ್ರಾಂಶವು ತಯಾರಿಸಿದ ಎರಡು ಬಣ್ಣದ ಹಾಳೆಗಳೂ ಇವೆ. ಹಿಪೊಕ್ಯಾಂಪಸ್‌ನ ಗಾತ್ರ 9ನೇ ಪರ್ಸೆಂಟೈಲ್‌ನಲ್ಲಿದೆಯೆಂದೂ ಅಲ್ಝೈಮರ್ ಕಾಯಿಲೆಯ ಸಂಭವ ಶೇ. 78 ಎಂದೂ ಅದರಲ್ಲಿ ಮುದ್ರಿಸಲಾಗಿದೆ. ಈ ಹಾಳೆಗಳ ಅರ್ಥವನ್ನು ಕೇಂದ್ರದಲ್ಲಿ ಯಾರೂ ವಿವರಿಸಲಿಲ್ಲ. ಮುಂಬಯಿಯಲ್ಲಿರುವ ತಂಗಿ ವಾಟ್ಸ್‌ಆ್ಯಪ್‌ನಲ್ಲಿ ಅದನ್ನು ನೋಡಿ, ಕಾಯಿಲೆ ಖಚಿತವೆಂದೇ ತಿಳಿದು ಅತ್ತಿದ್ದಾಳೆ. ಭಾವ ಕೂಡಲೇ ಮಾತ್ರೆ ಆರಂಭಿಸಬೇಕೆನ್ನುತ್ತಾರೆ. ಅಮ್ಮ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಇತ್ತೀಚೆಗೆ ನಿದ್ರೆಗೆ ಒಂದು ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ.

ಶೇ. 78 ಎಂದರೆ ಕಾಯಿಲೆ ಇದೆಯೆಂದೇ ಅರ್ಥವೇ? ರೇಡಿಯಾಲಜಿಸ್ಟರ ಮಾತಿಗೂ ತಂತ್ರಾಂಶದ ಮಾತಿಗೂ ಹೊಂದಿಕೆ ಇಲ್ಲದಿರುವಾಗ ಯಾವುದನ್ನು ಹಿಡಿಯಬೇಕು? ಪೆಟ್ ಸ್ಕ್ಯಾನ್ (ವಿಕಿರಣಶೀಲ ಮದ್ದು ಚುಚ್ಚಿ ತೆಗೆಯುವ ಚಿತ್ರ) ಮಾಡಿಸಲೇಬೇಕೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ರೇಡಿಯಾಲಜಿ ವೈದ್ಯ, ಮಂಗಳೂರು

ಚಿತ್ರಗಳನ್ನು ನೋಡದೆ ನಿಮ್ಮ ತಾಯಿಯವರ ಬಗ್ಗೆ ಅಭಿಪ್ರಾಯ ಹೇಳುವುದು ಸರಿಯಲ್ಲ. ಆದರೆ ವರದಿಯನ್ನು ಹೇಗೆ ಓದಬೇಕೆಂಬುದನ್ನು ಹೇಳಬಲ್ಲೆ.

ಹಿಪೊಕ್ಯಾಂಪಸ್ ಎಂಬುದು ಮೆದುಳಿನ ಎರಡೂ ಬದಿಯಲ್ಲಿ, ಕಿವಿಯ ಮಟ್ಟದಲ್ಲಿ ಒಳಮಗ್ಗುಲಿಗೆ ಇರುವ ಚಿಕ್ಕ ಭಾಗ. ಇಂದು ನಡೆದ ಸಂಗತಿಯನ್ನು ನಾಳೆಗೆ ಉಳಿಸಿಕೊಳ್ಳಲು ಇದು ಬೇಕು. ಅಲ್ಝೈಮರ್ ಕಾಯಿಲೆಯಲ್ಲಿ ಟೌ ಎಂಬ ಪ್ರೋಟೀನಿನ ಗಂಟುಗಳು ಈ ಭಾಗದಲ್ಲಿಯೂ ಇದರ ನೆರೆಯ ಎಂಟೊರೈನಲ್ ಪದರದಲ್ಲಿಯೂ ಮೊದಲೇ ಕಾಣಿಸಿಕೊಳ್ಳುವುದರಿಂದ, ಇಲ್ಲಿನ ಜೀವಕೋಶಗಳು ನಶಿಸಿ ಈ ಭಾಗ ಬೇಗನೆ ಕುಗ್ಗುತ್ತದೆ. ಎಂ.ಆರ್.ಐ.ಯಲ್ಲಿ ನಮಗೆ ಕಾಣುವುದು ಈ ಕುಗ್ಗುವಿಕೆ ಮಾತ್ರ. ಟೌ ಆಗಲಿ, ಈ ಕಾಯಿಲೆಯಲ್ಲಿ ಮೆದುಳಿನಲ್ಲಿ ಶೇಖರವಾಗುವ ಇನ್ನೊಂದು ಪ್ರೋಟೀನಾದ ಅಮೈಲಾಯ್ಡ್ ಆಗಲಿ ಸಾಮಾನ್ಯ ಎಂ.ಆರ್.ಐ.ಯಲ್ಲಿ ಕಾಣುವುದಿಲ್ಲ.

‘ಮೀಡಿಯಲ್ ಟೆಂಪೊರಲ್ ಅಟ್ರೊಫಿ’ ಎಂದರೆ ಹಿಪೊಕ್ಯಾಂಪಸ್ ಇರುವ ಭಾಗದ ಕುಗ್ಗುವಿಕೆ. ನಿಮ್ಮ ವರದಿಯಲ್ಲಿರುವ ‘ಶ್ರೇಣಿ 2’ ಎಂಬುದು 1992ರಲ್ಲಿ ನೆದರ್ಲೆಂಡ್ಸಿನ ಫಿಲಿಪ್ ಶೆಲ್ಟೆನ್ಸ್ ಮತ್ತು ಸಂಗಡಿಗರು ರೂಪಿಸಿದ, ಕಣ್ಣಳತೆಯಿಂದ 0ರಿಂದ 4ರವರೆಗೆ ಅಂಕ ಕೊಡುವ ಕ್ರಮ. ಹಿಪೊಕ್ಯಾಂಪಸ್‌ನ ಎತ್ತರ ಎಷ್ಟು ತಗ್ಗಿದೆ, ಅದರ ಮೇಲಿನ ಸೀಳು ಮತ್ತು ಪಕ್ಕದ ದ್ರವದ ಕುಹರ ಎಷ್ಟು ಅಗಲವಾಗಿವೆ ಎಂಬುದನ್ನು ನೋಡಿ ಅಂಕ ಹಾಕುತ್ತೇವೆ. ವಾಡಿಕೆಯಲ್ಲಿ 75 ವರ್ಷದೊಳಗಿನವರಿಗೆ 2 ಮತ್ತು ಅದಕ್ಕಿಂತ ಹೆಚ್ಚು ಅಂಕ ಬಂದರೆ ಅಸಹಜವೆಂದೂ, ಆ ವಯಸ್ಸು ಮೀರಿದವರಿಗೆ 3 ಮತ್ತು ಹೆಚ್ಚು ಬಂದರೆ ಅಸಹಜವೆಂದೂ ಪರಿಗಣಿಸುತ್ತೇವೆ. ಆದ್ದರಿಂದ 71ರ ವಯಸ್ಸಿನಲ್ಲಿ ಶ್ರೇಣಿ 2 ಬರೆದು, ಅದೇ ಸಾಲಿನಲ್ಲಿ ‘ವಯಸ್ಸಿಗೆ ಅನುಗುಣ’ ಎಂದೂ ಬರೆದಿರುವುದು ಪರಸ್ಪರ ಹೊಂದುವುದಿಲ್ಲ. ತಂತ್ರಾಂಶದ ಮಾತನ್ನು ಬದಿಗಿಟ್ಟರೂ ಈ ಒಂದು ವಿಷಯವನ್ನು ವರದಿ ಬರೆದವರ ಬಳಿ ಕೇಳಬೇಕು. ‘ವಯಸ್ಸಿಗೆ ಅನುಗುಣ’ ಎಂಬ ಮಾತು ನಮ್ಮ ವೃತ್ತಿಯಲ್ಲಿ ಕೈಯಭ್ಯಾಸದಿಂದ ಬಂದುಬಿಡುವುದುಂಟು.

ಇನ್ನು ಬಣ್ಣದ ಹಾಳೆ. ಅದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ, ಅವುಗಳನ್ನು ಕಲೆಸಬಾರದು. ಮೊದಲನೆಯದು ಅಳತೆ. ತಂತ್ರಾಂಶವು ಸುಮಾರು ಒಂದು ಮಿಲಿಮೀಟರ್ ಗಾತ್ರದ ಚಿಕ್ಕ ಘನಗಳಾಗಿ ದಾಖಲಾದ ಚಿತ್ರದಲ್ಲಿ ಹಿಪೊಕ್ಯಾಂಪಸ್‌ನ ಗಡಿಯನ್ನು ಗುರುತಿಸಿ, ಒಳಗಿರುವ ಘನಗಳನ್ನು ಎಣಿಸಿ, ತಲೆಬುರುಡೆಯ ಒಳಗಾತ್ರಕ್ಕೆ ಸರಿಹೊಂದಿಸಿ, ಅದೇ ವಯಸ್ಸಿನ ಮತ್ತು ಲಿಂಗದ ಆರೋಗ್ಯವಂತರ ಅಳತೆಗಳೊಂದಿಗೆ ಹೋಲಿಸುತ್ತದೆ. 9ನೇ ಪರ್ಸೆಂಟೈಲ್ ಎಂದರೆ, ಹೋಲಿಕೆಯ ಗುಂಪಿನ ನೂರು ಆರೋಗ್ಯವಂತರಲ್ಲಿ ಸುಮಾರು ಒಂಬತ್ತು ಮಂದಿಗೆ ಇದಕ್ಕಿಂತಲೂ ಚಿಕ್ಕ ಹಿಪೊಕ್ಯಾಂಪಸ್ ಇದೆ ಎಂದಷ್ಟೇ ಅರ್ಥ. ಆ ಒಂಬತ್ತು ಮಂದಿಯೂ ಆರೋಗ್ಯವಂತರೇ. ಇಂತಹ ಅಳತೆಯ ತಂತ್ರಾಂಶ ಹೊಸದೂ ಅಲ್ಲ. ನ್ಯೂರೋಕ್ವಾಂಟ್ ಎಂಬುದಕ್ಕೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್.ಡಿ.ಎ.ಯ ಅನುಮತಿ 2006ರಲ್ಲೇ ದೊರೆತಿತ್ತು.

ಎರಡನೆಯದು ಆ ಶೇ. 78. ಅದರ ವಿಚಾರವನ್ನು ಅಂತಹ ತಂತ್ರಾಂಶ ಕಟ್ಟುವವರೇ ವಿವರಿಸಲಿ.

ಅಳತೆಯ ಮಟ್ಟಿಗೆ ಹೇಳುವುದಾದರೆ, ಒಂದು ಸಲದ ಗಾತ್ರಕ್ಕಿಂತ ಅದು ಕುಗ್ಗುವ ವೇಗವೇ ಹೆಚ್ಚು ಮಾಹಿತಿ ಕೊಡುತ್ತದೆ. ಆರೋಗ್ಯವಂತ ವೃದ್ಧರಲ್ಲಿ ಹಿಪೊಕ್ಯಾಂಪಸ್ ವರ್ಷಕ್ಕೆ ಶೇ. 1.4ರಷ್ಟು ಕುಗ್ಗಿದರೆ, ಅಲ್ಝೈಮರ್ ಇರುವವರಲ್ಲಿ ಶೇ. 4.7ರಷ್ಟು ಕುಗ್ಗುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಕಂಡುಕೊಂಡಿದೆ. ಹಾಗಾಗಿ ಇದೇ ಯಂತ್ರದಲ್ಲಿ, ಇದೇ ಬಗೆಯ ಚಿತ್ರಣದಲ್ಲಿ ಒಂದು ವರ್ಷದ ಬಳಿಕ ಮತ್ತೆ ಅಳೆದರೆ ಈ ಹಾಳೆಗೆ ನಿಜವಾದ ಬೆಲೆ ಬರುತ್ತದೆ. ಬೇರೆ ಕೇಂದ್ರದ ಬೇರೆ ಯಂತ್ರದಲ್ಲಿ ಅಳೆದರೆ ಯಂತ್ರಗಳ ವ್ಯತ್ಯಾಸವೇ ಕಾಯಿಲೆಯ ವೇಗದಂತೆ ತೋರಬಹುದು. ಸ್ಕ್ಯಾನ್ ವೇಳೆ ನಿಮ್ಮ ತಾಯಿ ತಲೆ ಅಲುಗಾಡಿಸಿದ್ದರೂ ಅಂಚುಗಳು ಮಸುಕಾಗಿ ಗಾತ್ರ ಕಡಿಮೆಯೆಂದು ಬರುತ್ತದೆ. ಆ ಸದ್ದಿನೊಳಗೆ ಅಲುಗದೆ ಮಲಗುವುದು ನಮಗೂ ಸುಲಭವಲ್ಲ.

ಕುಗ್ಗಿದ ಹಿಪೊಕ್ಯಾಂಪಸ್ ಎಂದರೆ ಅಲ್ಝೈಮರ್ ಎಂದೇ ಅಲ್ಲ. ವಯಸ್ಸಾದವರಲ್ಲಿ ಟಿ.ಡಿ.ಪಿ.-43 ಎಂಬ ಬೇರೆ ಪ್ರೋಟೀನಿನಿಂದಲೂ ಅದೇ ಜಾಗ ಕುಗ್ಗಿ ಅದೇ ಬಗೆಯ ಮರೆವು ಬರುತ್ತದೆ; 2019ರಲ್ಲಿ ಅದಕ್ಕೆ ‘ಲೇಟ್’ ಎಂಬ ಪ್ರತ್ಯೇಕ ಹೆಸರನ್ನೂ ಕೊಟ್ಟಿದ್ದಾರೆ. ಮರೆವಿನ ರೋಗಿಗೆ ಎಂ.ಆರ್.ಐ. ಮಾಡಿಸುವ ಮೊದಲ ಉದ್ದೇಶವಾದರೂ ಬೇರೆಯೇ: ಬಚ್ಚಲಲ್ಲಿ ಜಾರಿ ಬಿದ್ದದ್ದು ಮರೆತೇ ಹೋಗಿ ಬುರುಡೆಯೊಳಗೆ ನಿಧಾನವಾಗಿ ಹೆಪ್ಪುಗಟ್ಟಿದ ರಕ್ತ, ಕುಹರಗಳಲ್ಲಿ ದ್ರವ ತುಂಬಿರುವುದು, ಗಡ್ಡೆ, ಗಮನಕ್ಕೆ ಬಾರದ ಸಣ್ಣ ಪಾರ್ಶ್ವವಾಯುಗಳು, ಇವು ಇಲ್ಲವೆಂದು ಖಚಿತಪಡಿಸಿಕೊಳ್ಳಲು. ಇವುಗಳಲ್ಲಿ ಕೆಲವಕ್ಕೆ ಶಸ್ತ್ರಚಿಕಿತ್ಸೆಯಿಂದ ಪರಿಹಾರವಿದೆ. ನಿಮ್ಮ ವರದಿಯಲ್ಲಿ ಆ ಸಾಲುಗಳನ್ನು ಹುಡುಕಿ ಓದಿ.

ಉತ್ತರ: ಯಂತ್ರ ಕಲಿಕೆಯ ಅಧ್ಯಾಪಕಿ, ಸುರತ್ಕಲ್

ವೈದ್ಯರು ನನಗೆ ಬಿಟ್ಟ ಶೇ. 78ರ ವಿಚಾರಕ್ಕೆ ಬರುತ್ತೇನೆ. ಪ್ರತಿ ವರ್ಷ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಲ್ಲಿ ಈ ವಿಷಯವನ್ನು ನೋಡುವವಳಾದ್ದರಿಂದ ನನ್ನ ಮಾತು ಸ್ವಲ್ಪ ಖಾರವಾಗಿದ್ದರೆ ಕ್ಷಮಿಸಬೇಕು.

ಇಂತಹ ತಂತ್ರಾಂಶದ ಒಳಗಿರುವುದು ಉದಾಹರಣೆಗಳಿಂದ ಕಲಿಯುವ ಗಣಿತದ ಜಾಲ. ಹೆಚ್ಚಿನ ಜಾಲಗಳಿಗೆ ತರಬೇತಿಯ ವೇಳೆ ಎರಡೇ ಪೆಟ್ಟಿಗೆಗಳನ್ನು ಕೊಟ್ಟಿರುತ್ತಾರೆ: ಆರೋಗ್ಯವಂತ ಮತ್ತು ಅಲ್ಝೈಮರ್. ಮೆದುಳಿನಲ್ಲಿ ಗಡ್ಡೆಯಿರುವ ಅಥವಾ ಪಾರ್ಶ್ವವಾಯು ಆಗಿರುವ ವ್ಯಕ್ತಿಯ ಚಿತ್ರ ಬಂದರೂ ಅದು ಈ ಎರಡರಲ್ಲೊಂದಕ್ಕೆ ಹಾಕಿಯೇ ತೀರುತ್ತದೆ, ‘ನನಗೆ ತಿಳಿಯದು’ ಎನ್ನುವ ಮೂರನೆಯ ಪೆಟ್ಟಿಗೆ ಅದಕ್ಕಿಲ್ಲ. ಕೊನೆಯಲ್ಲಿ ಹೊರಬರುವ ಎರಡು ಸಂಖ್ಯೆಗಳ ಮೊತ್ತ ನೂರಾಗುವಂತೆ ಗಣಿತದಿಂದ ಹೊಂದಿಸಿರುತ್ತಾರೆ. ಹಾಗೆ ಬಂದ 78ನ್ನು, ‘ಇಂತಹ ನೂರು ಮಂದಿಯಲ್ಲಿ 78 ಮಂದಿಗೆ ಕಾಯಿಲೆ ಇರುತ್ತದೆ’ ಎಂದು ಓದಬೇಕಾದರೆ, ಆ ಸಂಖ್ಯೆಯನ್ನು ನಿಜವಾದ ರೋಗಿಗಳ ಮೇಲೆ ಒರೆಹಚ್ಚಿ ಸರಿಪಡಿಸಿರಬೇಕು. ಬಹಳಷ್ಟು ಜಾಲಗಳು ಈ ಒರೆಗಲ್ಲಿನಲ್ಲಿ ಅಗತ್ಯಕ್ಕಿಂತ ಹೆಚ್ಚು ಆತ್ಮವಿಶ್ವಾಸ ತೋರಿಸುತ್ತವೆ.

ಯಾರ ಮೆದುಳುಗಳಿಂದ ಕಲಿತಿದೆ ಎಂಬುದು ಮುಂದಿನ ಪ್ರಶ್ನೆ. ಈ ಕ್ಷೇತ್ರದ ಅತಿ ಹೆಚ್ಚು ಬಳಕೆಯಲ್ಲಿರುವ ದತ್ತಾಂಶವೆಂದರೆ 2004ರಲ್ಲಿ ಮೈಕೇಲ್ ವೀನರ್ ಅವರ ನೇತೃತ್ವದಲ್ಲಿ ಅಮೆರಿಕದಲ್ಲಿ ಆರಂಭವಾದ, ಅಲ್ಝೈಮರ್ ರೋಗಿಗಳ ಮೆದುಳಿನ ಚಿತ್ರಗಳನ್ನು ಸಂಗ್ರಹಿಸುವ ಎ.ಡಿ.ಎನ್.ಐ. ಎಂಬ ಅಧ್ಯಯನದ್ದು. ಅದರಲ್ಲಿ ಭಾಗವಹಿಸಿದವರು ಉತ್ತರ ಅಮೆರಿಕದ ಸ್ವಯಂಸೇವಕರು. ಬಹುಪಾಲು ಬಿಳಿಯರು, ಕಾಲೇಜು ಮೆಟ್ಟಿಲು ಹತ್ತಿದವರು. ರಕ್ತನಾಳದ ತೊಂದರೆಯಿಂದ ಮರೆವು ಬಂದಿರಬಹುದಾದವರನ್ನು ಆಯ್ಕೆಯ ಹಂತದಲ್ಲೇ ಕೈಬಿಟ್ಟಿದ್ದರು. ನಮ್ಮ ಹಿರಿಯರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಮತ್ತು ಮರೆವು ಒಟ್ಟೊಟ್ಟಿಗೆ ಇರುವುದೇ ಸಾಮಾನ್ಯ. ಅಲ್ಲಿಂದ ಕಲಿತ ಯಂತ್ರವು ಶಾಲೆಗೆ ಹೋಗದ, ಸಕ್ಕರೆ ಕಾಯಿಲೆಯಿರುವ ಕಾಪುವಿನ ತಾಯಿಯೊಬ್ಬರ ಮೆದುಳನ್ನು ನೋಡಿ ಏನು ಹೇಳಬಹುದೆಂಬುದನ್ನು ಅಲ್ಲಿಯ ಅಂಕಿಗಳಿಂದ ಊಹಿಸಲಾಗದು. ಮೆದುಳಿನ ಸಾಮಾನ್ಯ ಆಕಾರದ ಮಾದರಿಯೂ ಅಲ್ಲಿಯದೇ. ಹೈದರಾಬಾದಿನ ಐ.ಐ.ಐ.ಟಿ.ಯವರು ನೂರು ಭಾರತೀಯರ ಎಂ.ಆರ್.ಐ.ಯಿಂದ 2019ರಲ್ಲಿ ಒಂದು ಮಾದರಿ ಸಿದ್ಧಪಡಿಸಿದಾಗ, ನಮ್ಮವರ ಮೆದುಳು ಸರಾಸರಿಯಲ್ಲಿ ಪಾಶ್ಚಾತ್ಯ ಮಾದರಿಗಿಂತ ಗಾತ್ರದಲ್ಲಿ ಚಿಕ್ಕದೆಂದು ಕಂಡುಬಂತು. ಬುದ್ಧಿಗೂ ಆ ಗಾತ್ರಕ್ಕೂ ಸಂಬಂಧ ಕಲ್ಪಿಸಬೇಕಾಗಿಲ್ಲ. ಆದರೆ ಅಳತೆಯ ಕೋಲು ಯಾರದೆಂಬುದು ಇಲ್ಲಿ ಮುಖ್ಯ. ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ಮೀರಿದ 10,000 ಮಂದಿಯನ್ನು ವರ್ಷಾನುಗಟ್ಟಲೆ ಅನುಸರಿಸುವ ಗುರಿಯಿಟ್ಟುಕೊಂಡು ಅಧ್ಯಯನ ನಡೆಸುತ್ತಿದೆ. ನಮ್ಮ ಅಳತೆಗೋಲು ಅಂತಹ ಕೆಲಸದಿಂದಲೇ ಬರಬೇಕು.

ಶೇ. 99 ನಿಖರತೆಯ ಜಾಹೀರಾತುಗಳ ಬಗ್ಗೆಯೂ ಒಂದು ಮಾತು. ಅಂತರ್ಜಾಲದಲ್ಲಿ 6,400 ಎಂ.ಆರ್.ಐ. ಚಿತ್ರಗಳ ಒಂದು ಸಂಗ್ರಹ ಉಚಿತವಾಗಿ ಸಿಗುತ್ತದೆ. ವಿದ್ಯಾರ್ಥಿಗಳೆಲ್ಲರೂ ಅದರ ಮೇಲೆಯೇ ಬೀಳುತ್ತಾರೆ. ಅದರಲ್ಲಿ ‘ಮಧ್ಯಮ ಹಂತ’ ಎಂಬ ವರ್ಗದಲ್ಲಿರುವುದು ಕೇವಲ 64 ಚಿತ್ರಗಳು. ಒಂದೇ ತಲೆಯ ಹಲವು ಪದರಗಳು ಪ್ರತ್ಯೇಕ ಚಿತ್ರಗಳಾಗಿ ಅದರಲ್ಲಿವೆ, ಯಾವ ಚಿತ್ರ ಯಾರದೆಂಬ ಗುರುತಿಲ್ಲ. ಅವನ್ನು ಮನಬಂದಂತೆ ಕಲೆಸಿ ಹಂಚಿದಾಗ ಒಬ್ಬರದೇ ಮೆದುಳಿನ ಒಂದು ಪದರ ತರಬೇತಿಗೂ ಅದರ ಪಕ್ಕದ ಪದರ ಪರೀಕ್ಷೆಗೂ ಹೋಗುತ್ತದೆ. ಪೂರ್ವಸಿದ್ಧತಾ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನೇ ವಾರ್ಷಿಕ ಪರೀಕ್ಷೆಗೂ ಕೊಟ್ಟಂತಾಯಿತು. ಆಗ ಯಂತ್ರವು ಕಾಯಿಲೆಯನ್ನಲ್ಲ, ತಲೆಯನ್ನು ಗುರುತಿಸುತ್ತದೆ. ಇದು ವಿದ್ಯಾರ್ಥಿಗಳ ದೋಷ ಮಾತ್ರವಲ್ಲ. 2020ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಈ ವಿಷಯದ ಸಂಶೋಧನಾ ಲೇಖನಗಳನ್ನು ಪರಿಶೀಲಿಸಿ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಇಂತಹ ಸೋರಿಕೆ ಇರಬಹುದೆಂದು ತೋರಿಸಿತ್ತು.

ಯಂತ್ರ ನಿಜಕ್ಕೂ ಒಳ್ಳೆಯದೇ ಎಂದಿಟ್ಟುಕೊಳ್ಳಿ: ಕಾಯಿಲೆಯಿರುವ ನೂರರಲ್ಲಿ 90 ಮಂದಿಯನ್ನು ಹಿಡಿಯುತ್ತದೆ, ಇಲ್ಲದ ನೂರರಲ್ಲಿ 90 ಮಂದಿಯನ್ನು ಸರಿಯಾಗಿ ಬಿಡುತ್ತದೆ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ (ಅಲ್ಝೈಮರ್ ಸೇರಿದಂತೆ ನೆನಪು, ಬುದ್ಧಿಶಕ್ತಿ ಕುಂದುವ ಕಾಯಿಲೆಗಳು) ಇದೆ. ಲೆಕ್ಕದ ಅನುಕೂಲಕ್ಕೆ ಸಾವಿರಕ್ಕೆ 70 ಎಂದಿರಲಿ. ಊರಿನ ಸಾವಿರ ಹಿರಿಯರನ್ನೆಲ್ಲ ಸಾಲಾಗಿ ಯಂತ್ರಕ್ಕೆ ಒಡ್ಡಿದರೆ ಅದು ಕಾಯಿಲೆಯಿರುವ 63 ಮಂದಿಯನ್ನೂ ಇಲ್ಲದ 93 ಮಂದಿಯನ್ನೂ ರೋಗಿಗಳೆನ್ನುತ್ತದೆ. ‘ಇದೆ’ ಎನಿಸಿಕೊಂಡ 156ರಲ್ಲಿ ನಿಜವಾದವರು ಶೇ. 40 ಮಾತ್ರ. ಅದೇ ಯಂತ್ರವನ್ನು, ಅರ್ಧದಷ್ಟು ಮಂದಿಗೆ ಕಾಯಿಲೆಯಿರುವ ಮರೆವಿನ ಕ್ಲಿನಿಕ್‌ನಲ್ಲಿ ಇಟ್ಟರೆ ಅದರ ‘ಇದೆ’ ಎಂಬ ಮಾತು ಶೇ. 90 ಸಲ ನಿಜವಾಗುತ್ತದೆ. ಯಂತ್ರ ಬದಲಾಗಿಲ್ಲ, ಅದರ ಮುಂದೆ ಬಂದವರು ಬದಲಾಗಿದ್ದಾರೆ. ನಿಮ್ಮ ತಾಯಿ ಈ ಎರಡು ಗುಂಪುಗಳಲ್ಲಿ ಯಾವುದಕ್ಕೆ ಹತ್ತಿರವೆಂಬುದನ್ನು ಹೇಳಬೇಕಾದದ್ದು ಅವರನ್ನು ಕೂರಿಸಿ ಮಾತನಾಡಿಸುವ ವೈದ್ಯರೇ ಹೊರತು ತಂತ್ರಾಂಶವಲ್ಲ.

ಈ ತಂತ್ರಜ್ಞಾನವೇ ನಿರುಪಯೋಗಿ ಎಂಬುದು ನನ್ನ ಅಭಿಪ್ರಾಯವಲ್ಲ. ಹಿಂದೆ ಒಂದು ಮೆದುಳಿನ ಭಾಗಗಳನ್ನು ಅಳೆಯಲು ಗಣಕಕ್ಕೆ ಹಲವು ಗಂಟೆ ಹಿಡಿಯುತ್ತಿದ್ದ ಕೆಲಸವನ್ನು ಹೊಸ ಜಾಲಗಳು ನಿಮಿಷಗಳಲ್ಲಿ ಮುಗಿಸುತ್ತವೆ, ದಣಿಯದೆ ಒಂದೇ ರೀತಿ ಅಳೆಯುತ್ತವೆ. ನನ್ನ ತಕರಾರು ಇರುವುದು ಅಳತೆಯ ಕೆಳಗೆ ದಪ್ಪಕ್ಷರದಲ್ಲಿ ಕಾಯಿಲೆಯ ಹೆಸರು ಮುದ್ರಿಸಿ, ವಿವರಿಸುವವರಿಲ್ಲದೆ ಮನೆಗೆ ಕಳುಹಿಸುವುದಕ್ಕೆ.

ಉತ್ತರ: ಬಿಜೈ ಓದುಗ

ಇಷ್ಟೆಲ್ಲ ಲೆಕ್ಕಾಚಾರ ಏಕೆ? ಎಂ.ಆರ್.ಐ. ಅನುಮಾನದ್ದಾದರೆ ಅಮೈಲಾಯ್ಡ್ ಪೆಟ್ ಮಾಡಿಸಿದರೆ ಮುಗಿಯಿತಲ್ಲ. ಅದರಲ್ಲಿ ಕಾಯಿಲೆಯ ಪ್ರೋಟೀನೇ ನೇರವಾಗಿ ಕಾಣುತ್ತದೆ. ಖರ್ಚಾದರೂ ಒಂದೇ ಸಲಕ್ಕೆ ತೀರ್ಮಾನವಾಗುತ್ತದೆ, ಮನೆಯವರಿಗೂ ನೆಮ್ಮದಿ.

ಉತ್ತರ: ನರರೋಗ ವೈದ್ಯೆ, ಉಡುಪಿ

ಮೇಲಿನ ಸಲಹೆಯನ್ನು ನಾನು ಒಪ್ಪಲಾರೆ, ಕಾರಣ ಹೇಳುತ್ತೇನೆ.

ಪೆಟ್ ಸ್ಕ್ಯಾನಿನಲ್ಲಿ ಹಲವು ಬಗೆಗಳಿವೆ. ಕ್ಯಾನ್ಸರ್ ರೋಗಿಗಳಿಗೆ ಮಾಡುವ ಎಫ್.ಡಿ.ಜಿ. ಪೆಟ್ ಅನ್ನೇ ಮೆದುಳಿಗೂ ಮಾಡಬಹುದು. ಅಲ್ಝೈಮರ್ ಇದ್ದಲ್ಲಿ ಮೆದುಳಿನ ಹಿಂಭಾಗದ ಪಾರ್ಶ್ವಗಳಲ್ಲಿ ಸಕ್ಕರೆಯ ಬಳಕೆ ತಗ್ಗಿರುವುದು ಕಾಣುತ್ತದೆ, ಮುಂಭಾಗದಲ್ಲಿ ತಗ್ಗಿದ್ದರೆ ಬೇರೆ ಬಗೆಯ ಡಿಮೆನ್ಷಿಯಾದ ಕಡೆಗೆ ಯೋಚಿಸುತ್ತೇವೆ. ಅಮೈಲಾಯ್ಡ್ ಪೆಟ್ ಬೇರೆ. ಅದರ ಮೊದಲ ರಾಸಾಯನಿಕವಾದ ಪಿಟ್ಸ್‌ಬರ್ಗ್ ಸಂಯುಕ್ತದಿಂದ ತೆಗೆದ ಮನುಷ್ಯರ ಚಿತ್ರಗಳು 2004ರಲ್ಲಿ ಪ್ರಕಟವಾದವು. ಆದರೆ ಅದರಲ್ಲಿರುವ ವಿಕಿರಣಶೀಲ ಇಂಗಾಲವು 20 ನಿಮಿಷಗಳಲ್ಲಿ ಅರ್ಧಕ್ಕಿಳಿಯುವುದರಿಂದ, ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಇರುವ ಕಟ್ಟಡದಲ್ಲಿಯೇ ಬಳಸಬೇಕಾಗಿತ್ತು. ಸುಮಾರು 110 ನಿಮಿಷಗಳ ಅರ್ಧಾಯುಷ್ಯವಿರುವ ಫ್ಲೋರಿನ್‌ನ ರಾಸಾಯನಿಕಗಳು ಬಂದ ಮೇಲೆ, ಅಂದರೆ ಅಮೆರಿಕದಲ್ಲಿ 2012ರಲ್ಲಿ ಫ್ಲೋರ್‌ಬೆಟಾಪಿರ್‌ಗೆ ಅನುಮತಿ ದೊರೆತ ಮೇಲೆ, ಬೇರೆಡೆಗೆ ಸಾಗಿಸಿ ಬಳಸುವುದು ಸಾಧ್ಯವಾಯಿತು.

ಈಗ ತೀರ್ಮಾನದ ಮಾತು. ಅಮೈಲಾಯ್ಡ್ ಪೆಟ್ ಋಣಾತ್ಮಕವಾಗಿ ಬಂದರೆ ಮರೆವಿಗೆ ಅಲ್ಝೈಮರ್ ಕಾರಣವಲ್ಲವೆಂದು ಸಾಕಷ್ಟು ಧೈರ್ಯದಿಂದ ಹೇಳಬಹುದು. ಧನಾತ್ಮಕವಾಗಿ ಬಂದರೆ ಅದಕ್ಕೆ ಅಷ್ಟೇ ಬಲವಿಲ್ಲ. ಮರೆವಿನ ಲಕ್ಷಣವೇ ಇಲ್ಲದವರಲ್ಲಿಯೂ ಅಮೈಲಾಯ್ಡ್ ಇರುತ್ತದೆ: 50ರ ವಯಸ್ಸಿನಲ್ಲಿ ಸುಮಾರು ಶೇ. 10 ಮಂದಿಯಲ್ಲಿ, 90ರ ವಯಸ್ಸಿನಲ್ಲಿ ಸುಮಾರು ಶೇ. 44 ಮಂದಿಯಲ್ಲಿ ಅದು ಕಂಡುಬಂದಿದೆ. ಹಾಗಾಗಿ 71ರ ವಯಸ್ಸಿನ ಒಬ್ಬರಲ್ಲಿ ಅದು ಕಂಡರೆ, ಅವರ ಈಗಿನ ಮರೆವಿಗೆ ಅದೇ ಕಾರಣವೋ ಅಥವಾ ಅದು ಇದ್ದುಕೊಂಡೇ ಬಿ-12 ಕೊರತೆಯಿಂದ ಮರೆವು ಬಂದಿದೆಯೋ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಬಿ-12 ಎಂದು ಸುಮ್ಮನೆ ಬರೆಯಲಿಲ್ಲ. ಮೆಟ್‌ಫಾರ್ಮಿನ್ ಅನ್ನು ಹಲವು ವರ್ಷ ತೆಗೆದುಕೊಂಡವರಲ್ಲಿ ಬಿ-12 ಜೀವಸತ್ವ ಕಡಿಮೆಯಾಗುವುದು ತಿಳಿದ ವಿಷಯ. ನಿತ್ಯ ಮೀನು ತಿನ್ನುವವರಿಗೆ ಆ ಕೊರತೆ ಬಾರದೆಂದು ನಮ್ಮ ಕಡೆ ಹಲವರು ತಿಳಿದಿದ್ದಾರೆ, ಆದರೆ ಹೀರಿಕೆಯೇ ಕುಂಠಿತವಾದಾಗ ತಿಂದದ್ದರಿಂದ ಪ್ರಯೋಜನವಿಲ್ಲ. ನಿದ್ರೆಯ ಮಾತ್ರೆ ಯಾವುದೆಂದು ನೀವು ಬರೆದಿಲ್ಲ. ಅವುಗಳಲ್ಲಿ ಕೆಲವು, ಹಾಗೆಯೇ ಶೀತ, ತುರಿಕೆ, ಮೂತ್ರದ ಅವಸರ ಇತ್ಯಾದಿಗಳಿಗೆ ಕೊಡುವ ಕೆಲವು ಮಾತ್ರೆಗಳು ಹಿರಿಯರ ನೆನಪನ್ನು ಮಂಕುಗೊಳಿಸುತ್ತವೆ. ಥೈರಾಯ್ಡ್ ಕೊರತೆ, ಖಿನ್ನತೆ, ರಾತ್ರಿ ರಕ್ತದ ಸಕ್ಕರೆ ಇಳಿಯುವುದು, ಕಿವಿ ಮಂದವಾಗಿ ಹೇಳಿದ್ದು ಒಳಗೇ ಹೋಗದಿರುವುದು, ಇವನ್ನೆಲ್ಲ ಕೆಲವು ನೂರು ರೂಪಾಯಿಗಳ ರಕ್ತಪರೀಕ್ಷೆ ಮತ್ತು ಅರ್ಧ ಗಂಟೆಯ ಮಾತುಕತೆಯಲ್ಲಿ ಬಹುಮಟ್ಟಿಗೆ ಪತ್ತೆ ಮಾಡಬಹುದು. ಅದನ್ನು ಮಾಡದೆ ಪೆಟ್‌ಗೆ ಹೋಗುವುದು ನನಗೆ ಸರಿಕಾಣದು.

ಪೆಟ್‌ನಿಂದ ಚಿಕಿತ್ಸೆ ಬದಲಾಗುವಂತಿದ್ದರೆ ಮಾತ್ರ ಅದನ್ನು ಮಾಡಿಸಬೇಕು. ಮೆದುಳಿನಿಂದ ಅಮೈಲಾಯ್ಡ್ ತೆಗೆಯುವ ಲೆಕಾನೆಮ್ಯಾಬ್‌ಗೆ 2023ರಲ್ಲಿ, ಡೊನಾನೆಮ್ಯಾಬ್‌ಗೆ 2024ರಲ್ಲಿ ಅಮೆರಿಕದ ಅನುಮತಿ ದೊರೆತಿದೆ. ಅವನ್ನು ಕೊಡುವ ಮುನ್ನ ಅಮೈಲಾಯ್ಡ್ ಇದೆಯೆಂದು ಪೆಟ್‌ನಿಂದಲೋ ಬೆನ್ನುಹುರಿಯ ದ್ರವದಿಂದಲೋ ಖಚಿತಪಡಿಸಿಕೊಳ್ಳಲೇಬೇಕು. ಲೆಕಾನೆಮ್ಯಾಬ್ 18 ತಿಂಗಳ ಪ್ರಯೋಗದಲ್ಲಿ ನೆನಪು, ಬುದ್ಧಿಶಕ್ತಿಯ ಇಳಿಕೆಯ ವೇಗವನ್ನು ಶೇ. 27ರಷ್ಟು ತಗ್ಗಿಸಿತು. ಅದು ನೆನಪನ್ನು ಮರಳಿ ತರಲಿಲ್ಲ, ಇಳಿಕೆಯನ್ನು ನಿಲ್ಲಿಸಲೂ ಇಲ್ಲ. ಮೆದುಳಿನಲ್ಲಿ ಊತ ಮತ್ತು ಸಣ್ಣ ರಕ್ತಸ್ರಾವಗಳ ಅಪಾಯವಿರುವುದರಿಂದ ಅದನ್ನು ಪಡೆಯುವವರಿಗೆ ಮೇಲಿಂದ ಮೇಲೆ ಎಂ.ಆರ್.ಐ. ಮಾಡಬೇಕು. ಆ ಚಿತ್ರಗಳಲ್ಲಿ ಹೊಸ ಚುಕ್ಕೆಗಳನ್ನು ಗುರುತಿಸಿ ಎಣಿಸುವ ಕೆಲಸಕ್ಕೆ ಕೃತಕ ಬುದ್ಧಿಮತ್ತೆ ನನ್ನ ದೃಷ್ಟಿಯಲ್ಲಿ ಹೆಚ್ಚು ಯೋಗ್ಯ. ಭಾವನವರು ಹೇಳುವ ಮಾತ್ರೆ ಬಹುಶಃ ಅಲ್ಝೈಮರ್‌ನ ಲಕ್ಷಣಗಳಿಗೆ ಕೊಡುವ ಡೊನೆಪೆಜಿಲ್ ಇರಬೇಕು. ಅದಕ್ಕೆ ಪೆಟ್ ಬೇಕಾಗಿಲ್ಲ, ಆದರೆ ವೈದ್ಯರು ರೋಗನಿರ್ಣಯ ಮಾಡಿ, ನಾಡಿಬಡಿತ ನೋಡಿ ಆರಂಭಿಸಬೇಕಾದ ಮಾತ್ರೆ ಅದು. ಬಣ್ಣದ ಹಾಳೆ ನೋಡಿ ಅಲ್ಲ. ಈ ನಡುವೆ ಟೌ ಪ್ರೋಟೀನಿನ ಒಂದು ರೂಪವಾದ ಟೌ-217 ಆಧಾರಿತ ರಕ್ತಪರೀಕ್ಷೆಗೂ, ಮರೆವಿನ ಲಕ್ಷಣಗಳಿರುವವರಲ್ಲಿ ಬಳಸಲು, 2025ರ ಮೇ ತಿಂಗಳಲ್ಲಿ ಅಮೆರಿಕದ ಎಫ್.ಡಿ.ಎ. ಅನುಮತಿ ಕೊಟ್ಟಿದೆ. ಮುಂದೆ ಪೆಟ್‌ನ ಅಗತ್ಯವನ್ನು ಅದು ಬಹಳ ಮಟ್ಟಿಗೆ ತಗ್ಗಿಸಬಹುದೆಂದು ನನ್ನ ಎಣಿಕೆ.

ನೀವು ಬರೆದ ಬೀಡಿಯ ಸಂಗತಿಯು ನನಗೆ ಎರಡು ಬಣ್ಣದ ಹಾಳೆಗಳಿಗಿಂತ ಹೆಚ್ಚು ತಿಳಿಸಿತು. ಕೈಗೆ ರೂಢಿಯಾದ ಕೆಲಸ ಉಳಿದು, ಈಗಷ್ಟೇ ನಡೆದ ಘಟನೆ ಅಳಿಸಿಹೋಗುವುದು ಹಿಪೊಕ್ಯಾಂಪಸ್‌ನ ತೊಂದರೆಯ ಲಕ್ಷಣ. ರೂಢಿಯ ಕೆಲಸಗಳ ನೆನಪು ಮೆದುಳಿನ ಬೇರೆ ಭಾಗಗಳಲ್ಲಿರುತ್ತದೆ. ಬ್ರಾಂಚಿಗೆ ಹೋದದ್ದನ್ನು ನೀವು ಸುಳಿವು ಕೊಟ್ಟು ಜ್ಞಾಪಿಸಿದಾಗ ಅವರಿಗೆ ‘ಹೌದಲ್ಲ’ ಎಂದು ನೆನಪಾಗುತ್ತದೆಯೇ, ಅಥವಾ ಹೋಗಿಯೇ ಇಲ್ಲವೆನ್ನುತ್ತಾರೆಯೇ ಎಂಬುದನ್ನು ಗಮನಿಸಿ ಬರೆದಿಡಿ. ಸುಳಿವು ಕೊಟ್ಟರೂ ಬಾರದಿದ್ದರೆ ಆ ಘಟನೆ ಮೆದುಳಿನಲ್ಲಿ ದಾಖಲಾಗಿಯೇ ಇಲ್ಲವೆಂದು ತಿಳಿಯುತ್ತೇವೆ. ಅಲ್ಝೈಮರ್‌ನ ಸಂಶಯ ಬಲಗೊಳ್ಳುವುದು ಅಂತಹ ಕಡೆಯಲ್ಲಿ.

ಭಾಷೆಯ ವಿಚಾರವನ್ನೂ ಮರೆಯಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸ್ಮರಣಶಕ್ತಿ ಪರೀಕ್ಷೆಗಳ ಗುಚ್ಛವು ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಸಿದ್ಧವಾದಾಗ ಅದರಲ್ಲಿ ತುಳು, ಕೊಂಕಣಿ, ಬ್ಯಾರಿ ಇರಲಿಲ್ಲ. ಮನೆಯಲ್ಲಿ ತುಳು ಮಾತ್ರ ಆಡುವ, ಶಾಲೆ ಕಾಣದ ಹಿರಿಯರಿಗೆ ಕನ್ನಡದಲ್ಲಿ ಪದಪಟ್ಟಿ ಹೇಳಿ, ಕಾಗದದ ಮೇಲೆ ಪಂಚಭುಜಗಳನ್ನು ಬಿಡಿಸಲು ಹೇಳಿದರೆ ಅವರಿಗೆ ಇಲ್ಲದ ಕಾಯಿಲೆಯೂ ಅಂಕಗಳಲ್ಲಿ ಬಂದುಬಿಡುತ್ತದೆ. ಅಂತಹ ಅಂಕಗಳನ್ನೇ ತರಬೇತಿಯ ಹಣೆಪಟ್ಟಿಯಾಗಿ ಬಳಸಿದರೆ ನಾಳೆ ನಮ್ಮದೇ ದತ್ತಾಂಶದಿಂದ ಕಲಿತ ಯಂತ್ರವೂ ಅದೇ ತಪ್ಪನ್ನು ಕಲಿಯುತ್ತದೆ. ಅಧ್ಯಾಪಕಿಯವರು ಈ ಅಂಶವನ್ನು ಗಮನಿಸಬೇಕೆಂದು ಕೋರುತ್ತೇನೆ.

ಪ್ರತಿಕ್ರಿಯೆ: ಕಾಪು ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ತಂಗಿಗೆ ಈ ಉತ್ತರಗಳನ್ನು ಓದಿ ಹೇಳಿದೆ. ಸುಳಿವು ಕೊಟ್ಟಾಗ ಅಮ್ಮನಿಗೆ ಕೆಲವೊಮ್ಮೆ ನೆನಪಾಗುತ್ತದೆ, ಹೆಚ್ಚಿನ ಸಲ ಇಲ್ಲ. ಬಿ-12 ಪರೀಕ್ಷೆಯನ್ನು ಈವರೆಗೆ ಯಾರೂ ಬರೆದುಕೊಟ್ಟಿರಲಿಲ್ಲ. ಮುಂದೆ ನರರೋಗ ತಜ್ಞರ ಬಳಿ ಹೋಗುವಾಗ ಏನೇನು ಒಯ್ಯಬೇಕು, ಅಮ್ಮನಿಗೆ ಏನು ಹೇಳಿ ಕರೆದೊಯ್ಯಬೇಕು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನರರೋಗ ವೈದ್ಯೆ, ಉಡುಪಿ

ಅಮ್ಮನಿಗೆ ಸುಳ್ಳು ಹೇಳಿ ಕರೆದೊಯ್ಯಬೇಡಿ. ‘ಲೆಕ್ಕ ತಪ್ಪುತ್ತಿದೆಯಲ್ಲ, ಅದಕ್ಕೆ ಕಾರಣ ನೋಡಿಸೋಣ’ ಎಂದರೆ ಸಾಕು. ಲೆಕ್ಕ ತಪ್ಪುವುದು ಅವರಿಗೂ ತಿಳಿದಿರುತ್ತದೆ. ಕಾಯಿಲೆಯ ಹೆಸರನ್ನು ನಿರ್ಣಯವಾಗುವ ಮೊದಲು ಮನೆಯಲ್ಲಿ ಬಳಸಬೇಡಿ. ಅವರು ಎಷ್ಟನ್ನು ತಿಳಿಯಬಯಸುತ್ತಾರೆಂದು ವೈದ್ಯರೇ ಅವರನ್ನು ಕೇಳಲಿ. ಬೆಳಗಿನ ಹೊತ್ತು ಹೋಗಿ, ಸಂಜೆಗೆ ದಣಿವಿನಿಂದ ಉತ್ತರಗಳು ಕೆಡುತ್ತವೆ. ವೈದ್ಯರಿಗೆ ತುಳು ಬಾರದಿದ್ದರೆ ಮಾತನ್ನು ಇದ್ದಂತೆಯೇ ದಾಟಿಸುವವರೊಬ್ಬರು ಜೊತೆಗಿರಲಿ. ಮಕ್ಕಳು ಪ್ರೀತಿಯಿಂದ ತಾವೇ ಉತ್ತರ ಸೇರಿಸಿಬಿಡುತ್ತಾರೆ, ಹಾಗಾಗಿ ಅದು ನೀವಾಗದಿರುವುದು ಒಳ್ಳೆಯದು. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧಿಯಿದ್ದರೆ ಅದನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ನಿದ್ರೆಯ ಮಾತ್ರೆಯನ್ನು ನೀವಾಗಿಯೇ ಏಕಾಏಕಿ ನಿಲ್ಲಿಸಬೇಡಿ. ಯಾವ ತಿಂಗಳಲ್ಲಿ ಯಾವ ಬದಲಾವಣೆ ಕಂಡಿತೆಂಬ ಒಂದು ಪುಟದ ಟಿಪ್ಪಣಿ ಮಾಡಿಕೊಳ್ಳಿ. ಖಾಸಗಿ ಖರ್ಚು ಹೊರೆಯಾದರೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ, ನಿಮ್ಹಾನ್ಸ್ ಸಹಯೋಗದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್‌ನ ಕ್ಲಿನಿಕ್ ಬಗ್ಗೆ ವಿಚಾರಿಸಬಹುದು.

ಉತ್ತರ: ರೇಡಿಯಾಲಜಿ ವೈದ್ಯ, ಮಂಗಳೂರು

ಒಂದು ಸೇರ್ಪಡೆ. ಫಿಲ್ಮ್ ಮತ್ತು ಬಣ್ಣದ ಹಾಳೆ ಮಾತ್ರ ಒಯ್ಯಬೇಡಿ, ಸ್ಕ್ಯಾನಿನ ಪೂರ್ಣ ಸಿ.ಡಿ. ಬೇಕು. ಫಿಲ್ಮಿನಲ್ಲಿ ಆಯ್ದ ಕೆಲವು ಚಿತ್ರಗಳಷ್ಟೇ ಇರುತ್ತವೆ, ಗಾತ್ರ ಅಳೆಯುವ ತೆಳು ಪದರಗಳ ಸರಣಿ ಸಿ.ಡಿ.ಯಲ್ಲೇ ಇರುವುದು. ಮುಂದಿನ ವರ್ಷ ಹೋಲಿಸಬೇಕಾದರೂ ಅದೇ ಆಧಾರ. ಕೇಂದ್ರದವರು ಕೊಟ್ಟಿಲ್ಲವಾದರೆ ಈ ವಾರವೇ ಹೋಗಿ ಕೇಳಿ, ಏಕೆಂದರೆ ಹಳೆಯ ಚಿತ್ರಗಳನ್ನು ಎಲ್ಲ ಕಡೆಯೂ ಬಹಳ ಕಾಲ ಇಟ್ಟುಕೊಳ್ಳುವುದಿಲ್ಲ. ಹಾಗೆಯೇ ‘ಶ್ರೇಣಿ 2’ ಮತ್ತು ‘ವಯಸ್ಸಿಗೆ ಅನುಗುಣ’ ಎಂಬ ಎರಡರಲ್ಲಿ ಯಾವುದು ಅವರ ಅಭಿಪ್ರಾಯವೆಂದು ಕೇಳಿ, ತಿದ್ದಿದ ವರದಿಯನ್ನು ಲಿಖಿತವಾಗಿಯೇ ಪಡೆಯಿರಿ.